ಅವರೆಕಾಳು, ಅಲಸಂದೆ ಮತ್ತೆ ಜೆನೆಟಿಕ್ ಡ್ರಿಫ್ಟ್

ಅಕ್ಕನ ಮಗಳು ಸೆಕೆಂಡ್ ಪಿಯುಸಿ, ಬಯಾಲಜಿ ಟೆಸ್ಟ್ ಇದೆ ಅಂತ ಹೋದ ಭಾನುವಾರ ಪುಸ್ತಕ ಹಿಡ್ಕೊಂಡು ಮನೆಗೆ ಬಂದಿದ್ಲು. ಎವಲ್ಯೂಷನ್ ಚಾಪ್ಟರ್ ಓದ್ತಾ ಓದ್ತಾ "ಮಾಮ, ಒಂದು ಜೀನ್ ಇಡೀ ಗುಂಪಿಗೇ ಹರಡಿದೆ ಅಂದ್ರೆ ಅದ್ರಿಂದ ಏನೋ ಲಾಭ ಇರ್ಲೇಬೇಕು ಅಲ್ವಾ?" ಅಂದ್ಲು. ಇರ್ಲೇಬೇಕು ಅಂತೇನಿಲ್ಲ ಅಂದೆ, ನಂಬ್ಲಿಲ್ಲ. ಅಡುಗೆಮನೆಗೆ ಕರ್ಕೊಂಡ್ ಹೋದೆ.

ಒಂದು ಸ್ಟೀಲ್ ಡಬ್ಬಿಗೆ 5 ಬಿಳಿ ಅಲಸಂದೆ, 5 ಕೆಂಪು ಅಲಸಂದೆ ಹಾಕಿದ್ವಿ. ಡಬ್ಬಿ ಅಂದ್ರೆ ಗುಂಪು, ಎರಡು ಬಣ್ಣ ಅಂದ್ರೆ ಒಂದೇ ಜೀನಿನ ಎರಡು ರೂಪ. ಕಣ್ಣು ಮುಚ್ಚಿ ಒಂದು ತೆಗಿ, ಬಣ್ಣ ಬರ್ಕೋ, ವಾಪಸ್ ಹಾಕಿ ಅಲ್ಲಾಡ್ಸು, ಹೀಗೆ 10 ಸಲ. 6 ಬಿಳಿ 4 ಕೆಂಪು ಬಂದ್ರೆ ಡಬ್ಬಿಲಿ ಈಗ 6 ಬಿಳಿ 4 ಕೆಂಪು ಇಡ್ಬೇಕು, ಅದೇ ಮುಂದಿನ ತಲೆಮಾರು. ಬಿಳಿ 6 ಆಯ್ತು, 5ಕ್ಕಿಳೀತು, 7, 7, 8, ಮತ್ತೆ 6, ಹಿಂಗೇ ಓಲಾಡ್ತಾ 11ನೇ ತಲೆಮಾರಿಗೆ 10ಕ್ಕೆ 10 ಬಿಳಿ. ಕೆಂಪು ಪೂರ್ತಿ ಹೋದ್ಮೇಲೆ ವಾಪಸ್ ಬರೋಕೆ ದಾರಿನೇ ಇಲ್ಲ. ಇನ್ನೊಂದ್ಸಲ ಆಡಿದ್ವಿ, ಆಗ ಕೆಂಪು ಉಳ್ಕೊಂತು.

ಆಮೇಲೆ ಅಲಸಂದೆ ಎತ್ತಿಟ್ಟು ಅವರೆಕಾಳು ಹೆಸರುಕಾಳು ಹಾಕಿದೆ. ಕಣ್ಣು ಮುಚ್ಚಿದ್ರೂ ಬೆರಳಿಗೆ ದಪ್ಪ ಅವರೆನೇ ಸಿಗುತ್ತಲ್ಲ, 4 ತಲೆಮಾರಿಗೆ ಹೆಸರುಕಾಳು ಖಾಲಿ. ಮತ್ತೆ ಆಡಿದ್ರೂ ಅವರೆನೇ. ಇದು ನೈಸರ್ಗಿಕ ಆಯ್ಕೆ, ಯಾವುದು ಗೆಲ್ಲುತ್ತೆ ಅಂತ ಮೊದ್ಲೇ ಹೇಳ್ಬೋದು. ಅಲಸಂದೆದು ಜೆನೆಟಿಕ್ ಡ್ರಿಫ್ಟ್, ಅಂದ್ರೆ ಲಾಭ ನಷ್ಟ ಏನೂ ಇಲ್ದೆ ಬರೀ ಅದೃಷ್ಟದಿಂದ ಆಗೋ ಏರಿಳಿತ, ಕೊನೆಗೆ ಒಂದೇ ಉಳಿಯುತ್ತೆ ಅನ್ನೋದು ಗ್ಯಾರಂಟಿ, ಯಾವುದು ಅಂತ ಹೇಳೋಕಾಗಲ್ಲ.

ಪೀಟರ್ ಬ್ಯೂರಿ ಅನ್ನೋ ವಿಜ್ಞಾನಿ ಈ ಅಲಸಂದೆ ಆಟನೇ ಹಣ್ಣಿನ ನೊಣಗಳ ಮೇಲೆ ಮಾಡಿ 1956ರಲ್ಲಿ ಪ್ರಕಟಿಸಿದ್ರು. 107 ಪುಟ್ಟ ಗುಂಪು, ಪ್ರತಿ ಗುಂಪಲ್ಲಿ 16 ನೊಣ, ಕಣ್ಣಿನ ಬಣ್ಣದ ಜೀನಿನ ಎರಡು ರೂಪ ಅರ್ಧ ಅರ್ಧ. 19 ತಲೆಮಾರು ಆದ್ಮೇಲೆ 30 ಗುಂಪಲ್ಲಿ ಒಂದು ರೂಪ ಮಾಯ, 28 ಗುಂಪಲ್ಲಿ ಅದೇ ರೂಪ ಮಾತ್ರ ಉಳಿದಿತ್ತು, ಮಿಕ್ಕಿದ್ದೆಲ್ಲ ಇನ್ನೂ ಮಧ್ಯದಲ್ಲಿ. ಡಿಎನ್‌ಎ ಮಟ್ಟದಲ್ಲಿ ಆಗೋ ಬದಲಾವಣೆ ಬಹುಪಾಲು ಈ ಥರದ್ದೇ ಅಂತ 1968ರಲ್ಲಿ ಜಪಾನಿನ ವಿಜ್ಞಾನಿ ಮೊಟೂ ಕಿಮುರಾ ಹೇಳಿದಾಗ ದೊಡ್ಡ ಜಗಳನೇ ಆಯ್ತು.

ನನಗೆ ತುಂಬ ಕಾಡೋದು ಬ್ರಿಟಿಷ್ ವಿಜ್ಞಾನಿ ಹಾಲ್ಡೇನ್ 1927ರಲ್ಲಿ ಮಾಡಿದ ಲೆಕ್ಕ (ಆಮೇಲೆ ನಮ್ಮ ದೇಶಕ್ಕೇ ಬಂದು ಭುವನೇಶ್ವರದಲ್ಲಿ ತೀರ್ಕೊಂಡ್ರಲ್ಲ, ಅವ್ರೇ). 1 ಪರ್ಸೆಂಟ್ ಅನುಕೂಲ ಕೊಡೋ ಹೊಸ ಮ್ಯುಟೇಶನ್ (ಜೀನಲ್ಲಾಗೋ ಬದಲಾವಣೆ) ಹುಟ್ಟಿದ್ರೂ ಅದು ಎಲ್ರಿಗೂ ಹರಡೋ ಸಾಧ್ಯತೆ ಬರೀ 2 ಪರ್ಸೆಂಟ್. ಒಳ್ಳೇದೂ ಅದೃಷ್ಟ ಇಲ್ದೆ ಕಳ್ದೋಗುತ್ತೆ.

ನಮ್ಮ ಕಡೆದೇ ಉದಾಹರಣೆ ಬೇಕು ಅಂದ್ರೆ, ಕೆಂಪು ರಕ್ತಕಣದ ಆಕಾರ ಕೆಡಿಸೋ ಸಿಕಲ್ ಸೆಲ್ ಜೀನ್ ಒಂದು ಕಾಪಿ ಇದ್ರೆ ಮಲೇರಿಯಾದಿಂದ ರಕ್ಷಣೆ, ಎರಡಿದ್ರೆ ಕಾಯಿಲೆ, ಹಾಗಾಗಿ ಮಲೇರಿಯಾ ಇದ್ದ ಕಡೆ ಆಯ್ಕೆನೇ ಅದನ್ನ ಉಳಿಸ್ತು. ನೀಲಗಿರಿ ಆದಿವಾಸಿಗಳಲ್ಲಿ 1952ರಲ್ಲೇ ಅದನ್ನ ಗುರುತಿಸಿದ್ರು. ಆರ್ಯವೈಶ್ಯ ಸಮುದಾಯದ್ದು ಬೇರೆ ಕಥೆ. ಬ್ಯುಟಿರಿಲ್‌ಕೋಲಿನೆಸ್ಟರೇಸ್ ಅನ್ನೋ ಕಿಣ್ವದ ಕೊರತೆ ಅವ್ರಲ್ಲಿ ಬೇರೆಯವ್ರಿಗಿಂತ ತುಂಬ ಜಾಸ್ತಿ. ಲಾಭ ಇತ್ತು ಅಂತ ಹರಡಿದ್ದಲ್ಲ, ಎಷ್ಟೋ ತಲೆಮಾರಿನ ಹಿಂದೆ ಮೂಲದಲ್ಲಿದ್ದೋರು ಕೆಲವೇ ಜನ, ಮದುವೆ ತಮ್ಮೊಳಗೇ, ಅಂದ್ರೆ ನಮ್ಮ ಅಲಸಂದೆ ಡಬ್ಬಿ ಥರ ಸಣ್ಣ ಗುಂಪು, ಅಲ್ಲಿ ಡ್ರಿಫ್ಟ್ ಜೋರು. ದಿನನಿತ್ಯದ ಬದುಕಲ್ಲಿ ಅದ್ರಿಂದ ಏನೂ ತೊಂದ್ರೆ ಇಲ್ಲ, ಹಾಗಾಗಿ ಆಯ್ಕೆಯ ಕಣ್ಣಿಗೆ ಬೀಳ್ಲೇ ಇಲ್ಲ. 1950ರ ದಶಕದಲ್ಲಿ ಆಪರೇಷನ್ ಥಿಯೇಟರಿಗೆ ಸಕ್ಸಿನೈಲ್‌ಕೋಲಿನ್ ಅನ್ನೋ ಔಷಧ ಬಂದ್ಮೇಲೆ ಗೊತ್ತಾಯ್ತು. ಗಂಟಲಿಗೆ ಟ್ಯೂಬ್ ಹಾಕೋವಾಗ ಸ್ನಾಯು ಸಡಿಲ ಮಾಡೋ ಈ ಔಷಧ ಸಾಮಾನ್ಯವಾಗಿ 10 ನಿಮಿಷದೊಳಗೆ ಇಳಿದೋಗುತ್ತೆ, ಅದನ್ನ ಒಡೆಯೋದು ಈ ಕಿಣ್ವನೇ, ಹಾಗಾಗಿ ಕಿಣ್ವ ಇಲ್ದೋರಿಗೆ ಗಂಟೆಗಟ್ಲೆ ಇಳಿಯಲ್ಲ, ಅಲ್ಲೀವರೆಗೂ ವೆಂಟಿಲೇಟರೇ ಉಸಿರಾಡಿಸ್ಬೇಕು.

ನಿಮ್ಮ ಮನೇಲಿ ಯಾರಿಗಾದ್ರೂ ಹಿಂದೆ ಆಪರೇಷನ್ ಮುಗಿದ್ಮೇಲೂ ತುಂಬ ಹೊತ್ತು ಉಸಿರು ಸರಿಯಾಗಿ ಬರ್ಲಿಲ್ಲ ಅಂತ ಆಗಿದ್ರೆ, ಮುಂದಿನ ಸಲ ಅನಸ್ತೇಷಿಯಾ ಡಾಕ್ಟರಿಗೆ ಮೊದ್ಲೇ ಹೇಳಿ.