ದೊಡ್ಡಮ್ಮನ ಮನೆಗೆ ಕನ್ನ ಬಿದ್ದಾಗ

2025ರ ಜನವರಿ, ಸಂಕ್ರಾಂತಿ ಕಳೆದು ವಾರವಾಗಿತ್ತು. ಶನಿವಾರಸಂತೆ ಹತ್ತಿರದ ನಮ್ಮ ದೊಡ್ಡಮ್ಮ ಅರಕಲಗೂಡಿನಲ್ಲಿ ನೆಂಟರ ಮದುವೆಗೆ ಹೋಗಿ ಒಂದೇ ಒಂದು ರಾತ್ರಿ ಮನೆ ಬಿಟ್ಟಿದ್ದರು. ಮಾರನೇ ದಿನ ಅವರನ್ನು ಕರೆತಂದವಳು ನಾನೇ. ಮುಂಬಾಗಿಲ ಬೀಗ ಹಾಕಿದ ಹಾಗೇ ಇತ್ತು. ಒಳಗೆ ಉಗ್ರಾಣದ ಕೋಣೆಯಲ್ಲಿ ಮಾತ್ರ ನೆಲದ ಮೇಲೆ ಚೌಕದ ಬಿಸಿಲು ಬಿದ್ದಿತ್ತು. ಆ ಕೋಣೆಗೆ ಕಿಟಕಿಯೇ ಇಲ್ಲ.

ತಲೆಯೆತ್ತಿದರೆ ಹೆಂಚಿಲ್ಲ. ಎರಡು ರೀಪನ್ನು ಗರಗಸದಲ್ಲಿ ಕೊಯ್ದಿದ್ದರು. ಹಳೆಯ ಕರಿ ಮರದಲ್ಲಿ ಕೊಯ್ದ ಜಾಗ ಮಾತ್ರ ಹಸಿ ಹಳದಿ. ತೆಗೆದ ಹೆಂಚುಗಳನ್ನು ಮಾಡಿನ ಮೇಲೇ ಒಂದರ ಮೇಲೊಂದು ಜೋಡಿಸಿಟ್ಟಿದ್ದರು, ಒಂದೂ ಒಡೆದಿರಲಿಲ್ಲ. ಬೆಲೆ ಬರಲಿ ಎಂದು ವರ್ಷದಿಂದ ಇಟ್ಟಿದ್ದ ಮೂರು ಚೀಲ ಕರಿಮೆಣಸು ಹೋಗಿತ್ತು. ಚೀಲವೊಂದು ಹರಿದಿರಬೇಕು, ಹಿಂಬಾಗಿಲ ಅಗಳಿಯವರೆಗೂ ಕಾಳಿನ ಸಾಲು.

ದೊಡ್ಡಮ್ಮ ಮೆಣಸಿನ ಮಾತೇ ಎತ್ತಲಿಲ್ಲ. ‘ಮೆಣಸು ಹೋದ್ರೆ ಮುಂದಿನ ವರ್ಷ ಬತ್ತದೆ ಕಣಮ್ಮ. ನನ್ನ ಮನೆ ಒಳಕ್ಕೆ ಬಂದ್ರಲ್ಲ’ ಎಂದು ಅದೇ ಬಿಸಿಲ ಚೌಕ ನೋಡುತ್ತಾ ಕೂತರು.

ಠಾಣೆಗೆ ನಾನೇ ದೂರು ಬರೆದೆ. ‘ಮೂರು ಚೀಲ ಮೆಣಸು ಕಳವಾಗಿದೆ’ ಎಂದು ಮುಗಿಸಿದ್ದೆ. ದೂರು ತೆಗೆದುಕೊಂಡ ಪೊಲೀಸಿನವರು ಓದಿ, ‘ಒಳಗೆ ಹೇಗೆ ಬಂದ್ರು ಅಂತ ಬರೀರಿ ಮೇಡಂ. ಕಣದಲ್ಲಿ ಒಣಗಾಕಿದ್ದನ್ನ ಎತ್ಕೊಂಡು ಹೋದ್ರೂ ಕಳವೇ’ ಎಂದರು. ಆ ಮಾತು ತಲೆಯಲ್ಲಿ ಉಳಿಯಿತು. ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳವಿಗೆ 303ನೇ ಕಲಂ, ಮನೆ ಒಡೆದು ಒಳನುಗ್ಗುವುದಕ್ಕೆ 330 ಮತ್ತು 331. ಕಳವು ಮಾಡಲೆಂದು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಮನೆ ಒಡೆದರೆ ಹದಿನಾಲ್ಕು ವರ್ಷದವರೆಗೆ ಶಿಕ್ಷೆಯಾಗಬಹುದು. ಮನುಷ್ಯರು ಓಡಾಡಲಿಕ್ಕಲ್ಲದ ದಾರಿಯಲ್ಲಿ ನುಗ್ಗಿದರೆ ಅದು ಮನೆ ಒಡೆದಂತೆ. ನಾವು ಕಳೆದುಕೊಂಡ ಕೀಲಿ ಯಾರಿಗೋ ಸಿಕ್ಕಿ, ಅದರಲ್ಲೇ ನಮ್ಮ ಬೀಗ ತೆಗೆದು ಅಕ್ರಮವಾಗಿ ಒಳಬಂದರೂ ಅದು ಮನೆ ಒಡೆದಂತೆಯೇ ಎಂಬ ಉದಾಹರಣೆ 1860ರ ಹಳೆಯ ದಂಡ ಸಂಹಿತೆಯಲ್ಲೇ ಇತ್ತು. ಗೋಡೆ ಬೀಳಬೇಕೆಂದಿಲ್ಲ, ಬೀಗ ಮುರಿಯಬೇಕೆಂದೂ ಇಲ್ಲ.

ಆಮೇಲೆ ಬಂದದ್ದು ವಿಮೆಯ ಫಾರಂ, ಇಂಗ್ಲಿಷಿನಲ್ಲಿ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು ನಾನು, ಯೋಚಿಸದೆ ‘ನಮ್ಮ ಮನೆ ರಾಬ್ ಆಗಿದೆ’ ಎಂಬರ್ಥದಲ್ಲಿ ಬರೆದೆ. ಅಮೆರಿಕದಲ್ಲಿರುವ ದೊಡ್ಡಮ್ಮನ ಮಗನಿಗೆ ಅದರ ಫೋಟೋ ಕಳಿಸಿದೆ. ‘ಅಕ್ಕಾ, ರಾಬ್ ಅಂದ್ರೆ ಎದುರಿಗೆ ನಿಂತು ಹೆದರಿಸಿ ಕಿತ್ಕೊಳ್ಳೋದು. ಅಮ್ಮ ಮನೇಲೇ ಇರ್ಲಿಲ್ವಲ್ಲ! ಬರ್ಗ್ಲರೈಸ್ ಅಂತ ಹಾಕು’ ಎಂದ. ನಾನು ಓದಿದ್ದ ಬ್ರಿಟಿಷ್ ಇಂಗ್ಲಿಷಿನಲ್ಲಿ ಅದು ಬರ್ಗಲ್. ಅರ್ಥ ಒಂದೇ, ಕದಿಯಲೆಂದು ಮನೆಯೊಳಕ್ಕೆ ನುಗ್ಗುವುದು.

ಆ ರಾತ್ರಿ ನಿಘಂಟು ಹಿಡಿದು ಕೂತೆ. ವರ್ಷಗಟ್ಟಲೆ ಮಕ್ಕಳಿಗೆ ಥೀಫ್, ರಾಬರ್, ಬರ್ಗ್ಲರ್ ಮೂವರನ್ನೂ ‘ಕಳ್ಳ’ ಎಂದೇ ಬರೆಸಿದ್ದೇನೆ. ಸ್ಟೀಲ್ ಮಾಡುವುದು ವಸ್ತುವನ್ನು: ಮೆಣಸು, ಸರ, ಸೈಕಲ್ಲು. ರಾಬ್ ಮಾಡುವುದು ಮುಖ್ಯವಾಗಿ ಮನುಷ್ಯರನ್ನು, ಬ್ಯಾಂಕಿಗೂ ಹೇಳುತ್ತಾರೆ. ಬರ್ಗಲ್ ಆಗುವುದು ಮನೆ, ಅಂಗಡಿ, ಕಚೇರಿ. ಮೆಣಸನ್ನು ಬರ್ಗಲ್ ಮಾಡಿದರು ಎನ್ನಲು ಬರುವುದಿಲ್ಲ. ಇಂಗ್ಲಿಷಿನಲ್ಲಿ ಬರ್ಗ್ಲರ್ ಎಂಬ ನಾಮಪದ ಮೊದಲು ಹುಟ್ಟಿ, ಎಷ್ಟೋ ಕಾಲದ ಮೇಲೆ, ಹತ್ತೊಂಬತ್ತನೇ ಶತಮಾನದಲ್ಲಿ ಅದರ ಬಾಲ ಕತ್ತರಿಸಿ ಬರ್ಗಲ್ ಎಂಬ ಕ್ರಿಯಾಪದ ಮಾಡಿಕೊಂಡರು. ಎಡಿಟರ್ ಎಂಬುದರಿಂದ ಎಡಿಟ್ ಬಂದಂತೆ.

ನಮಗೆ ಆ ತಾಪತ್ರಯವಿಲ್ಲ. ಗೋಡೆಗೆ ಕೊರೆದ ತೂತು ಕನ್ನ. ಅದನ್ನು ಕೊರೆಯುವುದು ಕನ್ನ ಹಾಕುವುದು, ಕೊರೆದವನು ಕನ್ನಗಳ್ಳ. ಮನೆ‘ಗೆ’ ಕನ್ನ ಹಾಕಿದರು ಎನ್ನುತ್ತೇವೆ, ನೋವಾದದ್ದು ಮನೆಗೆ ಎಂಬಂತೆ. ಈಗ ಪತ್ರಿಕೆಗಳು ಬ್ಯಾಂಕ್ ಖಾತೆಗೂ ಕನ್ನ ಹಾಕಿಸುತ್ತವೆ. ಅಲ್ಲೂ ಖಾತೆ ಎನ್ನುವುದು ದುಡ್ಡಿಟ್ಟ ಮನೆಯೇ. ಬರ್ಗಲ್‌ಗೆ ಸರಿಸಮ ಪದ ನನ್ನ ಬಾಯಲ್ಲೇ ಇದ್ದರೂ ಇಷ್ಟು ದಿನ ಮಕ್ಕಳಿಗೆ ಕೊಟ್ಟಿರಲಿಲ್ಲವಲ್ಲ ಎಂದು ನಿಜಕ್ಕೂ ಬೇಸರವಾಯಿತು.

ಫಾರಂ ಹರಿದು ಹೊಸದು ಬರೆದೆ. ಪದ ಬದಲಾದದ್ದು ವ್ಯಾಕರಣಕ್ಕಷ್ಟೇ ಅಲ್ಲ. ಈ ಬಗೆಯ ಪಾಲಿಸಿಗಳಲ್ಲಿ ಸಾಮಾನು ಕಾಣೆಯಾದರೆ ಸಾಲದು, ಬಲವಂತವಾಗಿ ಒಳನುಗ್ಗಿದ ಇಲ್ಲವೇ ಹೊರಬಿದ್ದ ಗುರುತು ಇರಬೇಕು. ಸರ್ವೇಯರ್ ಬಂದವರು ಮೊದಲು ಕೇಳಿದ್ದೇ, ‘ಬೀಗ ಒಡೆದಿದ್ದಾರಾ?’ ದೊಡ್ಡಮ್ಮ ಮಾತಾಡದೆ ಅವರನ್ನು ಉಗ್ರಾಣಕ್ಕೆ ಕರೆದೊಯ್ದು ಮೇಲೆ ಕೈ ತೋರಿಸಿದರು. ಅವರು ಏಣಿ ತರಿಸಿ ಕೊಯ್ದ ರೀಪಿನ ಫೋಟೋ ಹೊಡೆದುಕೊಂಡರು. ನಾಲ್ಕು ದಿನದಿಂದ ಯಾರಿಗೂ ಅಲ್ಲಿ ಕೈ ಹಾಕಲು ಬಿಟ್ಟಿರಲಿಲ್ಲ ದೊಡ್ಡಮ್ಮ, ರಾತ್ರಿಯ ಇಬ್ಬನಿ ಒಳಗೇ ಸುರಿಯುತ್ತಿದ್ದರೂ.

ಸರ್ವೇಯರ್ ಗೇಟು ದಾಟುವ ಮೊದಲೇ, ‘ಈಗ ಮುಚ್ಚಿಸಮ್ಮ, ಕತ್ತಲಾಗೋದ್ರೊಳಗೆ’ ಎಂದರು ದೊಡ್ಡಮ್ಮ. ಹೊಸ ರೀಪು ಹೊಡೆಸಿ, ಅವೇ ಹೆಂಚುಗಳನ್ನು ಹೊದಿಸಿದೆವು. ದೊಡ್ಡಮ್ಮ ಕೆಳಗೆ ನಿಂತು ಕೊನೆಯ ಹೆಂಚು ಕೂರುವವರೆಗೂ, ನೆಲದ ಮೇಲಿನ ಬಿಸಿಲು ಹೋಗುವವರೆಗೂ ಕದಲಲಿಲ್ಲ.