ಮೂರು ನಿಮಿಷ, ಲಿಂಗಸುಗೂರು

ರಾಯಚೂರಿನಿಂದ ಲಿಂಗಸುಗೂರಿಗೆ ಹೋಗುವವರು ಬಸ್ ಹತ್ತುವ ಮುಂಚೆ ಕಂಡಕ್ಟರನ್ನು ಒಂದು ಮಾತು ಕೇಳಬೇಕು: ಸಿರವಾರ, ಕವಿತಾಳದಲ್ಲಿ ಮಾತ್ರ ನಿಲ್ಲಿಸ್ತೀರೋ, ಕೈ ಮಾಡಿದಲ್ಲೆಲ್ಲ ನಿಲ್ಲಿಸ್ತೀರೋ? ಕೇಳದೆ ಹತ್ತಿದ್ದಕ್ಕೆ ಕಲಮಲಾದಿಂದಲೇ ಶಿಕ್ಷೆ ಶುರುವಾಯಿತು. ಒಂದೇ ಲಾಭವೆಂದರೆ, ಚೀಲದಲ್ಲಿದ್ದ ರಾಜ್ಯಸಭೆಯ ನಡಾವಳಿಯ, ಅಂದರೆ ಸದನದಲ್ಲಿ ಆಡಿದ ಮಾತಿನ ದಾಖಲೆಯ, ಎರಡು ಕಟ್ಟುಗಳನ್ನು ದಾರಿಯಲ್ಲೇ ಓದಿ ಮುಗಿಸಲು ಹೊತ್ತು ಸಿಕ್ಕಿತು.

ಒಂದು ಕಟ್ಟು 2012ರ ಡಿಸೆಂಬರ್ 19ರದು. ಹೈದರಾಬಾದ್ ಕರ್ನಾಟಕದವರಿಗೆ ಓದು, ನೌಕರಿಯಲ್ಲಿ ಮೀಸಲಾತಿಗೆ ದಾರಿ ಮಾಡಿದ ಸಂವಿಧಾನದ 371ಜೆ ಕಲಂ ರಾಜ್ಯಸಭೆಯಲ್ಲಿ ಪಾಸಾದ ದಿನ. ಇನ್ನೊಂದು 2020ರ ಸೆಪ್ಟೆಂಬರ್ 18ರದು. ಅದರ ಮೊದಲ ಪುಟಗಳಲ್ಲೇ ಲಿಂಗಸುಗೂರು ತಾಲ್ಲೂಕಿನ ಅಶೋಕ ಗಸ್ತಿ ಅವರ ಸಂತಾಪ ಸೂಚನೆ ಇದೆ.

ಗಸ್ತಿ 2020ರ ಜೂನ್‌ನಲ್ಲಿ ಮಲ್ಲಿಕಾರ್ಜುನ ಖರ್ಗೆ, ಎಚ್.ಡಿ. ದೇವೇಗೌಡ, ಈರಣ್ಣ ಕಡಾಡಿ ಅವರ ಜೊತೆ ಅವಿರೋಧವಾಗಿ ಆಯ್ಕೆಯಾದವರು. ಕ್ಷೌರಿಕ ವೃತ್ತಿಯ ಸವಿತಾ ಸಮಾಜದಿಂದ, ಅದೂ ರಾಯಚೂರು ಜಿಲ್ಲೆಯಿಂದ ಮೇಲ್ಮನೆಗೆ ಒಬ್ಬರು ಹೋಗುವುದು ಸಣ್ಣ ಸುದ್ದಿಯಲ್ಲ. ಜುಲೈ 22ಕ್ಕೆ ಪ್ರಮಾಣ ವಚನ ಆಯಿತು. ಸೆಪ್ಟೆಂಬರ್ 14ಕ್ಕೆ ಅಧಿವೇಶನ ಶುರುವಾದಾಗ ಅವರು ಕೋವಿಡ್ ಹಿಡಿದು ಬೆಂಗಳೂರಿನ ಆಸ್ಪತ್ರೆಯಲ್ಲಿದ್ದರು. 17ಕ್ಕೆ ತೀರಿಕೊಂಡರು. ಈ ಭಾಗ ನಿಜಾಮನ ಆಳ್ವಿಕೆಯಿಂದ ಬಿಡುಗಡೆಯಾದ ವಿಮೋಚನಾ ದಿನವೂ ಅದೇ. ಆರು ವರ್ಷದ ಅವಧಿಯಲ್ಲಿ ಪ್ರಮಾಣ ವಚನದ ನಂತರ ದಕ್ಕಿದ್ದು 57 ದಿನ. ಸದನದಲ್ಲಿ ಆಡಿದ ಚರ್ಚೆಯ ಮಾತು ಒಂದೂ ಇಲ್ಲ.

ಇಂಥ ನಡಾವಳಿ ಹುಡುಕುವವರು ಸದಸ್ಯರ ಹೆಸರಿನಿಂದ ಹುಡುಕಬಾರದು, ತಾರೀಖಿನಿಂದ ಹುಡುಕಬೇಕು. ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಹೆಸರುಗಳಿಗೆ ಒಂದೊಂದು ಕಡೆ ಒಂದೊಂದು ಕಾಗುಣಿತ. ಹೆಸರು ಸಿಕ್ಕಿತೆಂದ ಮಾತ್ರಕ್ಕೆ ಮಾತು ಸಿಕ್ಕಿತು ಎಂದೂ ಅಲ್ಲ. ಬೇರೆಯವರು ವಿಷಯ ಎತ್ತಿದಾಗ 'ನನ್ನದೂ ಸಹಮತ' ಎಂದವರ ಹೆಸರುಗಳೆಲ್ಲ ಸಾಲಾಗಿ ಅಚ್ಚಾಗುತ್ತವೆ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಉತ್ತರವನ್ನು ಸದನದ ಮೇಜಿನ ಮೇಲೆ ಇಡುತ್ತಾರೆ, ಅಷ್ಟೆ. ಅಲ್ಲಿ ಯಾರೂ ಬಾಯಿ ಬಿಟ್ಟಿರುವುದಿಲ್ಲ. 'ನಮ್ಮ ಸದಸ್ಯರು ಇಷ್ಟು ಸಲ ಭಾಗವಹಿಸಿದರು' ಎಂದು ಫ್ಲೆಕ್ಸ್ ಹಾಕುವವರು ಇದನ್ನೆಲ್ಲ ಒಟ್ಟಿಗೆ ಕೂಡಿಸಿರುತ್ತಾರೆ. ಬಿಡಿಸಿ ಎಣಿಸಿದರೆ ಲೆಕ್ಕ ಕರಗುತ್ತದೆ. ಇನ್ನೊಂದು ಎಚ್ಚರಿಕೆ: ಅದೇ ದಿನ ಹೊರಬರುವುದು ಇನ್ನೂ ತಿದ್ದದ ಪ್ರತಿ. ಪುಟಗಳಲ್ಲಿ ವರದಿಗಾರರ ಸಂಕೇತಾಕ್ಷರಗಳು ಇನ್ನೂ ಉಳಿದಿರುತ್ತವೆ. ರಾಯಚೂರಿನ ಒಂದು ಝೆರಾಕ್ಸ್ ಅಂಗಡಿಯಲ್ಲಿ ಮೊದಲು ತೆಗೆದುಕೊಟ್ಟದ್ದು ಅದನ್ನೇ, ಅದೂ ಪುಟಗಳು ಹಿಂದುಮುಂದಾಗಿ. ದುಡ್ಡು ಎರಡು ಸಲ ಕೊಡಬೇಕಾಯಿತು.

ಲಿಂಗಸುಗೂರಿನಲ್ಲಿ ಇಳಿದವರು ಮೊದಲು ಒಗ್ಗರಣಿ ಮಿರ್ಚಿ ತಿನ್ನಬೇಕು. ಮಂಡಾಳು (ಮಂಡಕ್ಕಿ) ಮೆತ್ತಗೆ ನೆನೆದಿರಬೇಕು, ಮುದ್ದೆಯಾಗಿರಬಾರದು. ಮಿರ್ಚಿ ಬಾಣಲಿಯಿಂದ ನೇರ ತಟ್ಟೆಗೆ ಬರಬೇಕು. ಬೆಂಗಳೂರಿನಲ್ಲಿ ಇದೇ ಹೆಸರಿನಲ್ಲಿ ಮಾರುವುದು ಒಣ ಚುರುಮುರಿ.

ಸಹಾಯಕ ಆಯುಕ್ತರ ಕಚೇರಿ ಇರುವ ಊರಾದ್ದರಿಂದ ಇಲ್ಲಿ 371ಜೆ ಅರ್ಹತಾ ಪ್ರಮಾಣಪತ್ರಕ್ಕಾಗಿ ಹುಡುಗ ಹುಡುಗಿಯರು ಓಡಾಡುತ್ತಿರುತ್ತಾರೆ. ಅವರ ಕೈಯಲ್ಲಿರುವ ಕಾಗದದ ಬೇರು ಬಸ್ಸಿನಲ್ಲಿ ಓದಿದ ಆ ಮೊದಲ ಕಟ್ಟಿನಲ್ಲಿದೆ. ಸಂವಿಧಾನ ತಿದ್ದುಪಡಿಗೆ ಬರಿ 'ಹೌದು' ಎಂದು ಕೂಗಿದರೆ ಸಾಲದು. ಒಟ್ಟು ಸದಸ್ಯ ಬಲದ ಅರ್ಧಕ್ಕಿಂತ ಹೆಚ್ಚು, ಅಂದರೆ 245ರಲ್ಲಿ ಕನಿಷ್ಠ 123, ಜೊತೆಗೆ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಬೇಕು. 2012ರ ಡಿಸೆಂಬರ್ 18ಕ್ಕೆ ಲೋಕಸಭೆಯಲ್ಲಿ, ಮರುದಿನ ರಾಜ್ಯಸಭೆಯಲ್ಲಿ ಅಷ್ಟು ಮತ ಸಿಕ್ಕಿತು. 2013ರ ಜನವರಿ 1ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು.

ಮುದಗಲ್ ಕೋಟೆ, ಮಸ್ಕಿ ಎರಡೂ ಈ ತಿರುಗಾಟದಲ್ಲಿ ಆದವು. ಕೋಟೆಯ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಿಂದಲೇ 'ದೇವಾನಾಂಪ್ರಿಯ' ಅಂದರೆ ಅಶೋಕ ಎಂದು ಖಚಿತವಾಯಿತು ಎನ್ನುವುದನ್ನಷ್ಟೇ ಹೇಳಿ ಬಿಡುತ್ತೇನೆ, ಯಾಕೆಂದರೆ ಈ ಪ್ರಯಾಣ ನಿಂತದ್ದು ಲಿಂಗಸುಗೂರಿನ ಒಂದು ಕಟಿಂಗ್ ಅಂಗಡಿಯಲ್ಲಿ.

ಅಂಗಡಿಯ ಹಿರಿಯರು ಕತ್ತರಿ ನಿಲ್ಲಿಸದೆ ಕೇಳಿದರು: "ನಮ್ಮ ಗಸ್ತಿಯವ್ರು ಅಲ್ಲಿ ಏನ್ ಮಾತಾಡ್ಯಾರ್ರೀ?"

"ಅಧಿವೇಶನ ಶುರುವಾದಾಗ ದವಾಖಾನೆಯಾಗಿದ್ರು ಕಾಕಾ. ಮಾತಾಡೋದು ಆಗ್ಲಿಲ್ಲ."

ಕತ್ತರಿ ನಿಂತಿತು. "ಇದ್ದಿದ್ರ ಎಷ್ಟೊತ್ತು ಕೊಡತಿದ್ರು?"

ಬೆಳಿಗ್ಗೆ 11ಕ್ಕೆ ಶೂನ್ಯ ವೇಳೆ, ಅಂದರೆ ಸದಸ್ಯರು ತುರ್ತು ವಿಷಯ ಎತ್ತುವ ಹೊತ್ತು. ಒಬ್ಬರಿಗೆ ಮೂರು ನಿಮಿಷ. ಮುಗಿದ ಕೂಡಲೇ ಮೈಕ್ ಬಂದ್. ಮಸೂದೆಯ ಮೇಲಿನ ಚರ್ಚೆಯಾದರೆ ಪಕ್ಷದ ಬಲ ನೋಡಿ ಹೊತ್ತು ಹಂಚುತ್ತಾರೆ. ಪಕ್ಷ ಯಾರ ಹೆಸರು ಕೊಡುತ್ತದೋ ಅವರಿಗಷ್ಟೇ ಅದರಲ್ಲಿ ಪಾಲು. ವಿಶೇಷ ಪ್ರಸ್ತಾಪ ಇನ್ನೊಂದು ದಾರಿ: 250 ಪದ ಮೀರದ ಬರಹವನ್ನು ಮೊದಲೇ ಕೊಟ್ಟು, ಸಭಾಪತಿ ಒಪ್ಪಿದ್ದನ್ನು ಇದ್ದದ್ದು ಇದ್ದ ಹಾಗೆ ಓದಬೇಕು.

"ಇನ್ನೂರೈವತ್ತ ಮಾತಿನ್ಯಾಗ ಏನ್ ಹೇಳಾಕ ಬರ್ತೈತಿ?" ಎಂದು ಬೆಂಚಿನ ಮೇಲಿದ್ದವನೊಬ್ಬ ನಕ್ಕ. ಹಾಗಾದರೆ ಹೇಳಿ ನೋಡೋಣ ಎಂದದ್ದೇ ತಡ, ಮೊಬೈಲಿನಲ್ಲಿ ಗಡಿಯಾರ ಹಚ್ಚಿದರು.

ಮೊದಲನೆಯವನು ಬಸ್ ಸ್ಟ್ಯಾಂಡಿನ ಗಲೀಜು ಎತ್ತಿಕೊಂಡ. ಅದು ರಾಜ್ಯ ಸರ್ಕಾರದ ವಿಷಯ, ಕೇಂದ್ರದ ಹೊಣೆ ಇಲ್ಲದ್ದನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ. ಎರಡನೆಯವನು ರಾಯಚೂರಿಗೆ ಏಮ್ಸ್ ಆಸ್ಪತ್ರೆ ಎಂದ. ಅಲ್ಲಿ 2022ರ ಮೇ 13ರಂದು ಧರಣಿ ಶುರುವಾದ ವಿಷಯ, ಕೇಂದ್ರದ್ದೇ. ಆದರೆ ಐಐಟಿ ಧಾರವಾಡಕ್ಕೆ ಹೋದ ಸಿಟ್ಟನ್ನು, ಹಿಂದುಳಿದ ತಾಲ್ಲೂಕುಗಳ ಬಗೆಗಿನ ನಂಜುಂಡಪ್ಪ ವರದಿಯನ್ನು, ತುಂಗಭದ್ರಾ ಎಡದಂಡೆಯ ಕೊನೆ ಭಾಗದ ನೀರನ್ನು ಎಲ್ಲ ಸೇರಿಸಿದ. ಎರಡೂವರೆ ನಿಮಿಷ ಕಳೆದರೂ ಬೇಡಿಕೆ ಬಂದಿರಲಿಲ್ಲ. ಸದನದಲ್ಲೂ ಬಹಳ ಸದಸ್ಯರು ಕೆಡುವುದು ಇಲ್ಲೇ: ಸಭಾಪತಿಗೆ ವಂದನೆ, ಪಕ್ಷದ ನಾಯಕರಿಗೆ ವಂದನೆ, ಊರಿನ ಇತಿಹಾಸ, ಅಷ್ಟರಲ್ಲಿ ಮೈಕ್ ಹೋಗುತ್ತದೆ, ಬೇಡಿಕೆ ನಡಾವಳಿಗೆ ಸೇರುವುದೇ ಇಲ್ಲ. ಬೇಡಿಕೆಯನ್ನು ಎರಡನೇ ವಾಕ್ಯಕ್ಕೇ ಇಟ್ಟು, ಕಾರಣವನ್ನು ಆಮೇಲೆ ಹೇಳುವವರು ಜಾಣರು.

ಹಿರಿಯರು ಗಿರಾಕಿಯ ಕೊರಳಿನ ಬಟ್ಟೆ ಬಿಚ್ಚಿ, ಒದರಿ, ತಾವೇ ಶುರು ಮಾಡಿದರು. "ಲಿಂಗಸುಗೂರಿಗೆ ರೈಲಿಲ್ಲ. ಗದಗ–ವಾಡಿ ದಾರಿ ಲಗೂನ ಮುಗಸ್ರಿ. ಕುಷ್ಟಗಿ ತನಕ ಬಂದೈತಿ, ನಮ್ಮೂರಿಗೆ ಯಾವಾಗ ಬರ್ತೈತಿ ತಾರೀಖ ಹೇಳ್ರಿ. ಹೆರಿಗಿ ಇರ್ಲಿ, ಪರೀಕ್ಷೆ ಇರ್ಲಿ, ನಮ್ಮ ಮಂದಿ ರೈಲು ಹಿಡೀಬೇಕಂದ್ರ ಬ್ಯಾರೆ ಊರಿಗೆ ಹೋಗ್ಬೇಕು." ನಲವತ್ತು ಸೆಕೆಂಡೂ ಆಗಿರಲಿಲ್ಲ. ಒಂದೇ ವಿಷಯ, ಕೇಂದ್ರದ್ದು, ಯಾರ ಮೇಲೂ ಆರೋಪವಿಲ್ಲ, ಕೇಳಿದ್ದು ತಾರೀಖು. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂದದ್ದನ್ನು ತಾರೀಖಿನ ಸಮೇತ ಸೇರಿಸಿದರೆ ಒಪ್ಪವಾದ ವಿಶೇಷ ಪ್ರಸ್ತಾಪ.

ಬೆಂಚಿನವನು ನಡಾವಳಿಯ ಹಿಂಬದಿಯ ಖಾಲಿ ಪುಟದ ಮೇಲೆ ಅದನ್ನು ಬರೆದುಕೊಂಡ. ಯಾರಿಗೆ ಕಳಿಸಬೇಕು ಎಂದು ಕೇಳಿದ. ಕರ್ನಾಟಕದಿಂದ ರಾಜ್ಯಸಭೆಗೆ 12 ಸ್ಥಾನ, ಅವರು ಇಡೀ ರಾಜ್ಯದ ಶಾಸಕರು ಆರಿಸಿ ಕಳಿಸಿದವರು. ಲೋಕಸಭೆಯಂತೆ ಕ್ಷೇತ್ರದ ಗಡಿ ಇಲ್ಲ, ಯಾರನ್ನಾದರೂ ಕೇಳಬಹುದು.

"ಅವ್ರು ಕನ್ನಡದಾಗ ಓದಬಹುದೇನ್ರಿ?"

ಓದಬಹುದು. ಸಂವಿಧಾನದ 120ನೇ ಕಲಂ ದಾರಿ ಬಿಟ್ಟಿದೆ. 2018ರಿಂದ ರಾಜ್ಯಸಭೆಯಲ್ಲಿ ಎಂಟನೇ ಅನುಸೂಚಿಯ 22 ಭಾಷೆಗಳಿಗೂ ಸ್ಥಳದಲ್ಲೇ ಅನುವಾದದ ವ್ಯವಸ್ಥೆಯಿದೆ. ಮೊದಲೇ ತಿಳಿಸಿರಬೇಕು, ಇಲ್ಲದಿದ್ದರೆ ಅನುವಾದಕರು ಕೋಣೆಯಲ್ಲಿ ಇರುವುದಿಲ್ಲ, ಉಳಿದವರ ಕಿವಿಗೆ ಕನ್ನಡವಷ್ಟೇ ಬೀಳುತ್ತದೆ.

"ಹಂಗಾರ ಪುಸ್ತಕದಾಗೂ ಕನ್ನಡದಾಗ ಇರ್ತೈತಿ."

ಅಚ್ಚಾದ ಸಂಪುಟ ತೆರೆದರೆ ಸಾಮಾನ್ಯವಾಗಿ ಕಾಣುವುದು ಇಂಗ್ಲಿಷ್. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಅಡಿಟಿಪ್ಪಣಿ: ಮೂಲ ಭಾಷಣ ಕನ್ನಡದಲ್ಲಿತ್ತು, ಇದು ಅದರ ಅನುವಾದ.

ಹಿರಿಯರು ಕಾಗದವನ್ನು ಈಸಿಕೊಂಡು, ತಾವು ಹೇಳಿದ್ದನ್ನು ಇನ್ನೊಬ್ಬನ ಕೈಬರಹದಲ್ಲಿ ಮೆಲ್ಲಗೆ ಓದಿದರು. "ಇದರ ಒಂದ್ ಝೆರಾಕ್ಸ್ ಇಲ್ಲಿ ಇಡ್ರಿ," ಎಂದು ಕನ್ನಡಿಯ ಸಂದಿಗೆ ಸಿಕ್ಕಿಸಿದರು. ಮುಂದಿನ ಗಿರಾಕಿ ಕುರ್ಚಿಗೆ ಬಂದ.