ಲೀಟ್ರಿಮ್‌ನ ಕಾಲುವೆಯಲ್ಲಿ ಪಯಣ

ಐರ್ಲೆಂಡಿಗೆ ಹೊರಟ ಮಂಗಳೂರಿನ ಗೆಳೆಯರು ಯಾವ ಊರು ನೋಡಬೇಕೆಂದು ಕೇಳಿದರೆ, ಡಬ್ಲಿನ್ ಮುಗಿಸಿ ಸ್ಲೈಗೋ ರೈಲು ಹತ್ತಿ ಕ್ಯಾರಿಕ್-ಆನ್-ಶಾನನ್‌ನಲ್ಲಿ ಇಳಿಯಿರಿ ಎಂದೇ ನಾನು ಹೇಳುತ್ತೇನೆ. ಅದು ಲೀಟ್ರಿಮ್ ಕೌಂಟಿಯ ಮುಖ್ಯ ಪಟ್ಟಣ. ಆ ದೇಶದಲ್ಲಿ ಅತಿ ಕಡಿಮೆ ಜನರಿರುವ ಕೌಂಟಿ ಇದೇ. 2022ರ ಜನಗಣತಿಯಂತೆ ಇಲ್ಲಿರುವವರು ಸುಮಾರು 35,000 ಮಂದಿ. 1841ರಲ್ಲಿ ಈ ಸಂಖ್ಯೆ 1,55,000 ದಾಟಿತ್ತು. ಆಲೂಗಡ್ಡೆ ಕ್ಷಾಮವೂ ಅದರ ಬೆನ್ನಿಗೇ ದಶಕಗಟ್ಟಲೆ ನಡೆದ ವಲಸೆಯೂ ಊರುಗಳನ್ನು ಬರಿದು ಮಾಡಿದವೆಂಬುದನ್ನು ತಿಳಿದ ಮೇಲೆ, ಇಲ್ಲಿನ ಮೌನವನ್ನು ಬರಿಯ ಸೊಬಗೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಲೀಟ್ರಿಮ್ ಎಂಬ ಹೆಸರಿನದೇ ಪುಟ್ಟ ಹಳ್ಳಿಯಿಂದ ಶಾನನ್-ಅರ್ನ್ ಜಲಮಾರ್ಗ ಹೊರಡುತ್ತದೆ. 1860ರಲ್ಲಿ ಪೂರ್ಣಗೊಂಡ ಈ ಕಾಲುವೆಯನ್ನು ಸರಕು ಸಾಗಣೆ ಕೈಗೂಡದೆ ಹತ್ತು ವರ್ಷದೊಳಗೇ ಕೈಬಿಟ್ಟಿದ್ದರು; 1994ರಲ್ಲಿ ಅದು ಮತ್ತೆ ತೆರೆಯಿತು. ಸುಮಾರು 63 ಕಿಲೋಮೀಟರ್ ಉದ್ದದ ಈ ದಾರಿಯಲ್ಲಿ 16 ಲಾಕ್‌ಗಳಿವೆ. ನಮ್ಮ ಕಿಂಡಿ ಅಣೆಕಟ್ಟಿನ ಹಲಗೆಗಳಂತೆ ಇವೂ ನೀರನ್ನು ತಡೆದು ನಿಲ್ಲಿಸುತ್ತವೆಯಾದರೂ, ಇಲ್ಲಿ ಎರಡು ಜೊತೆ ಕದಗಳ ನಡುವೆ ದೋಣಿಯನ್ನು ಇರಿಸಿ ನೀರಿನೊಂದಿಗೇ ಮೇಲಕ್ಕೋ ಕೆಳಕ್ಕೋ ಒಯ್ಯುತ್ತಾರೆ. ದಡದ ಪೆಟ್ಟಿಗೆಗೆ ಸ್ಮಾರ್ಟ್ ಕಾರ್ಡ್ ಹಾಕಿ ಗುಂಡಿ ಒತ್ತಿದರೆ ಹಿಂದಿನ ಕದ ಮುಚ್ಚಿಕೊಳ್ಳುತ್ತದೆ, ಮುಂದಿನ ತೂಬು ತೆರೆದು ನೀರು ಕುದಿಯುವಂತೆ ಒಳನುಗ್ಗುತ್ತದೆ, ಪಾಚಿ ಹಿಡಿದ ಒದ್ದೆ ಕಲ್ಲಿನ ಗೋಡೆ ಕಣ್ಣೆದುರಿನಲ್ಲೇ ಇಂಚಿಂಚಾಗಿ ಮುಳುಗುತ್ತದೆ. ನಾನು ಹಗ್ಗವನ್ನು ದಡದ ಗೂಟಕ್ಕೆ ಬಿಗಿಯಲು ಹೋದಾಗ ಮಲ್ಪೆಯವರಾದ ಭಾವ, "ಕಟ್ಟಬೇಡ ಮಾರಾಯ, ಒಂದು ಸುತ್ತು ಹಾಕಿ ಕೈಯಲ್ಲೇ ಹಿಡಿದುಕೋ" ಎಂದರು. ದೋಣಿ ಏರುವಾಗ ಸಡಿಲವಾಗುವ ಹಗ್ಗವನ್ನು ಎಳೆದುಕೊಳ್ಳುತ್ತಲೇ ಇರಬೇಕು. ಇಳಿಯುವಾಗ ಬಿಡುತ್ತ ಹೋಗದಿದ್ದರೆ ದೋಣಿ ಹಗ್ಗಕ್ಕೆ ನೇತುಬೀಳುತ್ತದೆ.

ಕ್ಯಾರಿಕ್‌ನಲ್ಲಿ ಎಡ್ವರ್ಡ್ ಕಾಸ್ಟೆಲೊ ಎಂಬ ವರ್ತಕ ತೀರಿಹೋದ ಪತ್ನಿಯ ನೆನಪಿಗೆ 1870ರ ದಶಕದಲ್ಲಿ ಕಟ್ಟಿಸಿದ ಅತಿ ಚಿಕ್ಕ ಪ್ರಾರ್ಥನಾಮಂದಿರವಿದೆ. ದಂಪತಿಯ ಶವಪೆಟ್ಟಿಗೆಗಳು ಬಾಗಿಲಿನ ಇಕ್ಕೆಲಗಳಲ್ಲಿ ದಪ್ಪ ಗಾಜಿನ ಕೆಳಗಿವೆ. ಅದನ್ನು ತಪ್ಪದೆ ನೋಡಿ.

ಒಂದು ಎಚ್ಚರಿಕೆ. ಜಲಮಾರ್ಗದ ಇನ್ನೊಂದು ತುದಿ ಉತ್ತರ ಐರ್ಲೆಂಡಿನಲ್ಲಿದೆ, ಅಂದರೆ ಬ್ರಿಟನ್ನಿನ ಆಡಳಿತದಲ್ಲಿ. ನೀರಿನ ಮೇಲೆ ತಪಾಸಣೆಯ ಚೌಕಿ ಇಲ್ಲದಿದ್ದರೂ ವೀಸಾದ ನಿಯಮ ಇದ್ದೇ ಇದೆ. ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೇ ಸಲ್ಲುವ ಷೆಂಗೆನ್ ವೀಸಾ ಈ ಎರಡರಲ್ಲಿ ಯಾವ ಕಡೆಯೂ ನಡೆಯದು. ಆದ್ದರಿಂದ ಅರ್ಜಿ ಹಾಕುವಾಗಲೇ ಎರಡೂ ದೇಶಗಳಿಗೆ ಸಲ್ಲುವ ಬ್ರಿಟಿಷ್-ಐರಿಷ್ ವೀಸಾ ಯೋಜನೆಯ ಬಗ್ಗೆ ವಿಚಾರಿಸಿಕೊಳ್ಳಿ.